ಪೊಟ್ಟಣದಕ್ಕನಿಗೆ ಗೊತ್ತಿದ್ದದ್ದು

ಮಗಳು ಈಗಷ್ಟೇ ಮಲಗಿದ್ದಾಳೆ. ಅವಳು ಎದ್ದು ಮನೆ ಒಂದು ಮಾಡುವ ಮೊದಲು ಪೊಟ್ಟಣದಕ್ಕನ ಬಗ್ಗೆ ಬರೆದುಬಿಡಬೇಕು. ಇಷ್ಟು ದಿನ ನನ್ನ ಡೈರಿಯಲ್ಲಿ ಆಕೆಗೆ ಸಿಕ್ಕಿದ್ದೆಲ್ಲ ಬರೀ ಬೈಗುಳ. ಈ ಬೀದಿಯಲ್ಲಿ ನನ್ನ ಹೊಟ್ಟೆ ಉರಿಸಿದವರು ಬೇಕಾದಷ್ಟು ಜನ ಇದ್ದಾರೆ. ಹೆತ್ತ ಸ್ವಲ್ಪ ದಿನಕ್ಕೇ ಹಳೆ ಬಟ್ಟೆಯೊಳಗೆ ತೂರಿಕೊಂಡು ಓಡಾಡಿದ ಎದುರುಮನೆಯವಳು, ನಮ್ಮ ಮಗು ರಾತ್ರಿ ಎದ್ದೇಳೋದೇ ಇಲ್ಲಪ್ಪ ಅಂತ ಹೇಳಿಕೊಂಡು ತಿರುಗುವ ಮೇಲಿನ ಮನೆಯವಳು, ಇಂಥವರೆಲ್ಲ. ಆದರೆ ಪೊಟ್ಟಣದಕ್ಕನ ಮೇಲೆ ಬಂದ ಉರಿಯೇ ಬೇರೆ. ನನ್ನ ಗಂಡನ ಒಂದು ವಿಷಯ ಆಕೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆಕೆ ನಮ್ಮ ಬೀದಿ ತುದಿಯ ಇಂಟರ್‌ನೆಟ್ ಆಫೀಸಿನಲ್ಲಿ ಕೌಂಟರ್ ನೋಡಿಕೊಳ್ಳುವ ಹೆಂಗಸು. ಆಫೀಸೆಂದರೆ ಒಂದೇ ಷಟರಿನ ಕೋಣೆ. ಗೋಡೆಯ ಮೊಳೆಗಳಿಗೆ ಸುರುಳಿ ಸುರುಳಿ ಕೇಬಲ್ಲು, ಕಪಾಟಿನಲ್ಲಿ ಕೆಟ್ಟುಹೋದ ಮೋಡೆಮ್ಮುಗಳ ರಾಶಿ, ತನ್ನ ಪಾಡಿಗೆ ತಾನು ಹಸಿರು ದೀಪ ಮಿಟುಕಿಸುವ ಒಂದು ಪೆಟ್ಟಿಗೆ. ಅವುಗಳ ನಡುವೆ ನಲವತ್ತು ದಾಟಿದ ಈಕೆ, ದಿನವಿಡೀ ಕೂತರೂ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ, ಒಂದು ಎಳೆಯೂ ಆಚೀಚೆ ಹೋಗದ ತಲೆಕೂದಲಿನಲ್ಲಿ. ಯಾರು ಎಷ್ಟು ರೇಗಿದರೂ ದನಿ ಏರಿಸುವುದಿಲ್ಲ. ನೆಟ್ ಬರ್ತಿಲ್ಲ ಅಂತ ಕೂಗಾಡಿಕೊಂಡು ಬಂದವರು ಹೋಗುವಾಗ ತಾವೇ ಏನೋ ತಪ್ಪು ಮಾಡಿದವರ ಹಾಗೆ ಮೆಟ್ಟಿಲು ಇಳಿಯುತ್ತಾರೆ. ನಾನೋ, ಆಗ ಹೆಗಲ ಮೇಲೆ ಹಾಲು ಕಕ್ಕಿಸಿಕೊಂಡ ನೈಟಿಯಲ್ಲಿ, ತಲೆ ಬಾಚಿದ್ದು ನಿನ್ನೆಯೋ ಮೊನ್ನೆಯೋ ಅಂತ ಯೋಚಿಸುತ್ತ ಕಿಟಕಿಯಲ್ಲಿ ನಿಂತು ಆಕೆ ಕೆಲಸಕ್ಕೆ ಹೋಗುವುದನ್ನು ನೋಡುತ್ತಿದ್ದೆ. ನಿದ್ದೆ ಮಾಡಿ ಎದ್ದವರ ನಡಿಗೆ ದೂರದಿಂದಲೇ ಗೊತ್ತಾಗುತ್ತದೆ.

ಪೊಟ್ಟಣದಕ್ಕ ಅನ್ನುವ ಹೆಸರು ಆಕೆಗೆ ಅಂಟಿದ್ದು ಹಿಂದಿನ ಕೆಲಸದಲ್ಲಿ. ಮೊದಲು ಆಕೆ ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿದ್ದಳು. ಯಾರು ಏನೇ ಕೊಂಡರೂ ಹಳೆ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, ಒಂದೇ ಆಕಾರದ ಪೊಟ್ಟಣ ಮಾಡಿ ಕೈಗಿಡುತ್ತಿದ್ದಳು. ತಿಂಗಳ ಪ್ಯಾಡಿಗೂ ಅದೇ ಪೇಪರು, ಕೆಮ್ಮಿನ ಔಷಧಿಗೂ ಅದೇ ಪೇಪರು, ಮೂಲವ್ಯಾಧಿಯ ಮುಲಾಮಿಗೂ ಅದೇ. ತಲೆನೋವಿನ ಎರಡು ಮಾತ್ರೆ ಕೇಳಿದವರಿಗೂ ಅಂಗೈಯಗಲದ ಪೊಟ್ಟಣ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ತಿಂಗಳು ತಪ್ಪಿದೆ ಅನ್ನಿಸಿ, ಬಸಿರಿನ ಪರೀಕ್ಷೆಯ ಕಡ್ಡಿ ಕೊಳ್ಳಲು ಹೋಗಿ, ಬಾಯಿಬಿಡಲಾಗದೆ ಗಂಟಲು ಮಾತ್ರೆ ಕೇಳಿದ್ದೆ. ಆಕೆ ನನ್ನ ಮುಖ ಒಮ್ಮೆ ನೋಡಿ, ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ, ಬೇಡದ್ದನ್ನ ನಾಳೆ ವಾಪಸ್ ಕೊಡಿ ಅಂದಿದ್ದಳು. ಆವತ್ತು ನನಗೆ ಆಕೆ ದೇವತೆ. ಹೆಂಗಸರ ಮನಸ್ಸು ಎಷ್ಟು ಬೇಗ ತಿರುಗುತ್ತದೆ ನೋಡಿ.

ಅಂಗಡಿಯ ಮಾಲೀಕ ಪೇಪರು ದಂಡ, ದಾರ ದಂಡ ಅಂತ ಗೊಣಗುತ್ತಿದ್ದನಂತೆ. ಸುತ್ತಬೇಕಾದ್ದನ್ನ ಮಾತ್ರ ಸುತ್ತು, ಉಳಿದಿದ್ದು ಯಾಕೆ ಅಂತ. ಅದಕ್ಕೆ ಆಕೆ ಹೇಳಿದ ಮಾತು ಈಗಲೂ ಬೀದಿಯಲ್ಲಿ ಓಡಾಡುತ್ತದೆ: "ಮುಚ್ಚಬೇಕಾದ್ದನ್ನ ಮಾತ್ರ ಮುಚ್ಚಿದ್ರೆ ಅದು ತೋರಿಸಿದ ಹಾಗೇ ಅಲ್ವಾ ಸಾರ್?"

ಔಷಧಿ ಅಂಗಡಿ ಮುಚ್ಚಿತು, ಆಕೆ ಇಂಟರ್‌ನೆಟ್ ಆಫೀಸಿಗೆ ಸೇರಿದಳು. ಆಮೇಲೆ ಸರ್ಕಾರದ ಯೋಜನೆ ಬಂತು.

ದೊಡ್ಡವರು ಮಾತ್ರ ನೋಡುವಂಥ, ನಾಲ್ಕು ಜನರ ಮುಂದೆ ಹೆಸರೆತ್ತಲಾಗದ ವಿಡಿಯೊಗಳು ಇನ್ನು ಮುಂದೆ ಯಾವ ಮನೆಯ ನೆಟ್ಟಿನಲ್ಲೂ ಬರಕೂಡದು. ಎಲ್ಲ ಮನೆಗೂ ಮೊದಲೇ ತಡೆ ಹಾಕಿರಬೇಕು. ಬೇಕು ಅನ್ನುವವರು ತಾವಾಗಿ ಬಂದು ತೆಗೆಯಿರಿ ಅಂತ ಹೇಳಬೇಕು. ಇಷ್ಟೇ ಯೋಜನೆ. ಕಾನೂನು ಇನ್ನೂ ಆಗಿರಲಿಲ್ಲ, ಟಿವಿಯಲ್ಲಿ ಜಗಳ ನಡೆಯುತ್ತಲೇ ಇತ್ತು. ನಮ್ಮ ನೆಟ್ ಕಂಪನಿಯವರು ಮಾತ್ರ ಎಲ್ಲರಿಗಿಂತ ಮೊದಲು ಒಳ್ಳೆಯವರಾಗಲು ಹೊರಟು, ನಮ್ಮ ಬಡಾವಣೆಗೆ ಪ್ರಯೋಗ ಅಂತ ತಡೆ ಹಾಕಿಯೇಬಿಟ್ಟರು. ಬೀದಿಯವರು ಅದನ್ನು ಬೀಗ ಅಂದರು. ಬೀಗ ತೆಗೆಸಲು ಫೋನು ನಡೆಯುವುದಿಲ್ಲ, ಅಪ್ಪನ ದನಿಯಲ್ಲಿ ಮಾತಾಡುವ ಮಕ್ಕಳಿರುತ್ತಾರಲ್ಲ. ಆಫೀಸಿಗೇ ಬಂದು ಬಾಯಿಬಿಟ್ಟು ಹೇಳಬೇಕು.

ಹೆಂಗಸರಾದ ನಮಗೆ ಖುಷಿಯೋ ಖುಷಿ. ಗಂಡಸರಿಗೆ ಇದ್ದಕ್ಕಿದ್ದ ಹಾಗೆ ಸ್ವಾತಂತ್ರ್ಯ, ಹಕ್ಕು ಅಂತೆಲ್ಲ ನೆನಪಾಯಿತು. ಇವತ್ತು ಇದನ್ನು ಮುಚ್ಚಿದವರು ನಾಳೆ ಪೇಪರು ಮುಚ್ಚುತ್ತಾರೆ ಅಂತ, ವರ್ಷವಿಡೀ ಪೇಪರು ಬಿಡಿಸದ ನಮ್ಮ ಕೆಳಗಿನ ಮನೆಯವರು ಭಾಷಣ ಬಿಗಿದರು. ನಮ್ಮವರು ತುಟಿ ಪಿಟಕ್ಕೆನ್ನಲಿಲ್ಲ. ನಮ್ಮವರಿಗೆ ಇದೆಲ್ಲ ಬೇಕಿಲ್ಲ ಅಂತ ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಪೊಟ್ಟಣದಕ್ಕ ಏನು ಮಾಡಿದಳು ಅಂದರೆ, ಆಫೀಸಿನ ಅರ್ಧಕ್ಕೆ ಹಗ್ಗ ಕಟ್ಟಿ ಹೂವಿನ ಚಿತ್ತಾರದ ಹಳೆಯ ಪರದೆ ಇಳಿಬಿಟ್ಟಳು. ಪರದೆಯ ಹಿಂದೆ ಎರಡು ಸ್ಟೂಲು, ಕಂಪ್ಯೂಟರು, ಒಂದು ಮಣ್ಣಿನ ಹೂಜಿ. ಯಾರೇ ಬರಲಿ, ಯಾವ ಕೆಲಸಕ್ಕೇ ಬರಲಿ, ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾಳೆ. ಬಿಲ್ಲು ಕಟ್ಟುವವರಿಗೂ ಪರದೆ, ವೈರು ಇಲಿ ಕಡಿಯಿತು ಅನ್ನುವವರಿಗೂ ಪರದೆ. ಕೂತ ತಕ್ಷಣ ಒಂದು ಲೋಟ ನೀರು. ಎಲ್ಲರನ್ನೂ ಅದೇ ಮೆಲುದನಿಯಲ್ಲಿ ಕೇಳುತ್ತಾಳೆ, "ಬೀಗ ಇರಲೋ, ತೆಗೆಯಲೋ?" ಇರಲಿ ಅಂದವರೂ ತೆಗೆಯಿರಿ ಅಂದವರೂ ಆ ಲೋಟದ ನೀರು ಪೂರ್ತಿ ಕುಡಿದೇ ಏಳಬೇಕು. ಹಾಗಾಗಿ ಎಲ್ಲರೂ ಒಳಗಿರುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹೊರಗೆ ಕಾಯುವವರು ಕಿವಿ ನಿಗುರಿಸಿದರೂ ಕೇಳಿಸುವುದು ಗುಟುಕು ಮಾತ್ರ. ಕನ್ನಡಕ ಹುಡುಕಿಕೊಂಡು ಬಂದ ಒಬ್ಬ ಅಜ್ಜಿಯನ್ನೂ ಕೂರಿಸಿ ಅದನ್ನೇ ಕೇಳಿದಳಂತೆ. ಅಜ್ಜಿ, ನಮ್ಮನೆ ಬೀಗ ಸರಿಯಾಗಿದೆ ಕಣಮ್ಮ, ಬಾಗಿಲೇ ಸರಿ ಇಲ್ಲ, ಅಂದು ನೀರು ಕುಡಿದು ಬಂದರಂತೆ.

ಇದೆಲ್ಲ ನನಗೆ ಹೇಳುತ್ತಿದ್ದವಳು ಟೈಲರಕ್ಕ. ಅವಳ ಹೊಲಿಗೆ ಅಂಗಡಿ ಆಫೀಸಿನ ಎದುರಿಗೇ ಇದೆ. ಸೂಜಿಯ ಮೇಲೆ ಒಂದು ಕಣ್ಣು, ಆ ಪರದೆಯ ಮೇಲೆ ಇನ್ನೊಂದು. ಬೀಗ ಬಿದ್ದಾಗಿನಿಂದ ಅವಳ ಅಂಗಡಿಯಲ್ಲಿ ಗುಂಡಿ ಹಾಕಿಸಲು ಬರುವ ಹೆಂಗಸರು ಜಾಸ್ತಿಯಾಗಿದ್ದರು. ಗಟ್ಟಿಯಾಗಿದ್ದ ಗುಂಡಿಗಳೂ ಕಿತ್ತುಬರುತ್ತಿದ್ದವು. ಯಾರ ಗಂಡ ಒಳಗೆ ಹೋದ, ಯಾರ ಗಂಡ ತಲೆ ತಗ್ಗಿಸಿಕೊಂಡು ಬಂದ, ಎಲ್ಲ ಅಲ್ಲಿ ಚರ್ಚೆಯಾಗುತ್ತಿತ್ತು. ಆದರೆ ಏನೂ ತೀರ್ಮಾನವಾಗುತ್ತಿರಲಿಲ್ಲ. ಧೈರ್ಯ ಮಾಡಿದ ಒಂದಿಬ್ಬರು ನೇರವಾಗಿ ಪೊಟ್ಟಣದಕ್ಕನನ್ನೇ ಕೇಳಿಬಂದಿದ್ದರು. ಬಂದವರ ಹೊಟ್ಟೆಯಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳಿಗೇನು, ಗಂಡ ಇಲ್ಲದ ಮನೆ, ಉರಿ ಯಾಕೆ ಗೊತ್ತಾಗುತ್ತೆ, ಅನ್ನುತ್ತಿದ್ದಳು ಟೈಲರಕ್ಕ. ಗಂಡ ಬದುಕಿದ್ದಾನೆ, ಬೇರೆ ಊರಲ್ಲಿದ್ದಾನೆ. ಔಷಧಿ ಅಂಗಡಿಯ ಕಾಲದಲ್ಲಿ ಆತ ಎದುರು ಕಟ್ಟೆಯಲ್ಲಿ ಕೂತು ಹೆಂಡತಿ ಯಾರಿಗೆ ಏನು ಕೊಡುತ್ತಾಳೆ ಅಂತ ಕಾಯುತ್ತಿದ್ದವನಂತೆ. ಸಂಜೆ ಮನೆಯಲ್ಲಿ ವಿಚಾರಣೆ. ಆ ಕನ್ನಡಕದವನು ಏನು ತಗೊಂಡ, ಆ ಎತ್ತರದವನು ಯಾಕೆ ನಕ್ಕ. ಆಕೆ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲವಂತೆ. ಕೊನೆಗೆ ಆತನಿಗೇ ಸಾಕಾಗಿ ಹೋದ ಅಂತ ಕೆಲವರು, ಆಕೆಯೇ ಕಳಿಸಿದಳು ಅಂತ ಕೆಲವರು. ಕೇಳಿದಾಗ ನನಗೆ ಆತನ ಬಗ್ಗೆ ಅಯ್ಯೋ ಅನ್ನಿಸಿತ್ತು. ಆಕೆಯ ಬಗ್ಗೆ ಅನ್ನಿಸಬೇಕಿತ್ತು ಅಂತ ಈಗ ಗೊತ್ತಾಗಿದೆ.

ಒಂದು ಮಧ್ಯಾಹ್ನ ಮಗಳ ಫ್ರಾಕಿಗೆ ಅಳತೆ ಕೊಡಲು ಹೋದಾಗ ಟೈಲರಕ್ಕ ಅಳತೆ ಟೇಪು ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು, "ನಿನ್ನ ಯಜಮಾನ್ರು ಬಂದಿದ್ರಲ್ಲೇ ಮೊನ್ನೆ. ನೀರು ಕುಡಿದು ಹೋದ್ರು."

ಬಿಲ್ಲು ಕಟ್ಟಲು ಬಂದಿರಬೇಕು ಅಂದೆ. ಅಂದ ಮೇಲೆ ನೆನಪಾಯಿತು, ಬಿಲ್ಲು ಕಟ್ಟುವುದು ನಾನು, ನನ್ನ ಫೋನಿನಿಂದ.

ನಮ್ಮವರು ಲಿಫ್ಟ್ ಮೆಕ್ಯಾನಿಕ್ಕು. ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಂಡವರನ್ನು ಸಮಾಧಾನ ಮಾಡುತ್ತ, ಬಾಗಿಲು ಬಿಡಿಸುವುದು ಅವರ ಕೆಲಸ. ಹೊರಗಿನವರ ಹತ್ತಿರ ಅಷ್ಟು ಚೆನ್ನಾಗಿ ಮಾತಾಡುವ ಮನುಷ್ಯ ಮನೆಯಲ್ಲಿ ಮಾತಾಡುವುದು ಮರೆತು ಬಹಳ ದಿನ ಆಗಿತ್ತು. ನನ್ನದೂ ತಪ್ಪಿದೆ. ಮಗು ಹುಟ್ಟಿದ ಮೇಲೆ ಒಳಕೋಣೆಯ ಹಾಸಿಗೆ ನನ್ನದೂ ಮಗುವಿನದೂ ಆಯಿತು, ಮುಂದಿನ ಕೋಣೆಯ ಸೋಫಾ ಅವರದಾಯಿತು. ಮುಟ್ಟಲು ಬಂದರೆ ನನ್ನ ಮೈಯೇ ಹಿಂದೆ ಸರಿಯುತ್ತಿತ್ತು. ದಿನವಿಡೀ ಒಬ್ಬಳು ಎದೆಗೆ ಕಚ್ಚಿಕೊಂಡಿರುವಾಗ ಇನ್ನೊಬ್ಬರಿಗೆ ಕೊಡಲು ಮೈಯಲ್ಲಿ ಜಾಗ ಎಲ್ಲಿ ಉಳಿದಿರುತ್ತದೆ? ಅವರು ಏನೂ ಅನ್ನಲಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಮಲಗುತ್ತಿದ್ದರು.

ಟೈಲರಕ್ಕ ತಲೆಗೆ ಹುಳ ಬಿಟ್ಟ ಮೇಲೆ ನಾನು ನಮ್ಮವರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಕೇಳದೆಯೇ ಮಗುವಿನ ಬಟ್ಟೆ ಒಗೆದು ಹಾಕುತ್ತಿದ್ದರು. ಪಾತ್ರೆ ತೊಳೆಯುತ್ತಿದ್ದರು. ಏನೋ ಹೇಳಲು ನನ್ನ ಹತ್ತಿರ ಬಂದು, ಮಗು ಮಲಗಿತಾ ಅಂತ ಕೇಳಿ ವಾಪಸ್ಸು ಹೋಗುತ್ತಿದ್ದರು. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತು. ಮತ್ತೆ ಹೋಗಿದ್ದರು ಅಂತ ಟೈಲರಕ್ಕನಿಂದ ಸುದ್ದಿ ಬಂತು. ಆಮೇಲೆ ಇನ್ನೊಮ್ಮೆ. ಈ ಸಲ ಜಾಸ್ತಿ ಹೊತ್ತು ಕೂತಿದ್ರು ಕಣೇ, ಎರಡು ಲೋಟ ಕುಡಿದಿರಬೇಕು, ಅಂದಳು.

ಅದೇ ಸಂಜೆ ಊಟಕ್ಕೆ ಕೂತಾಗ ನಮ್ಮವರು ನೀರು ಕುಡಿದು, ಲೋಟ ಕೆಳಗಿಟ್ಟು, ಯೋಚಿಸದೆಯೇ ಅಂದರು, "ಆ ಇಂಟರ್‌ನೆಟ್ ಆಫೀಸಲ್ಲಿ ಹೂಜಿ ನೀರು ಇಟ್ಟಿರ್ತಾರೆ. ಎಷ್ಟು ತಣ್ಣಗಿರುತ್ತೆ ಗೊತ್ತಾ."

"ನಮ್ಮನೇಲಿ ನೀರಿಗೆ ಬರ ಬಂದಿದ್ಯಾ?" ಅಂದೆ.

ಅವರು ನನ್ನ ಮುಖ ನೋಡಿದರು. ನನ್ನ ದನಿ ಕೇಳಿ ಮಗಳು ಒಳಗೆ ಎದ್ದಳು. ಅಲ್ಲಿಗೆ ಮಾತು ಮುಗಿಯಿತು, ಉರಿ ಮುಗಿಯಲಿಲ್ಲ. ಬೀಗ ತೆಗೆಸಿದರೋ ಇಲ್ಲವೋ ಅನ್ನುವುದು ಅಷ್ಟು ಕಾಡಲಿಲ್ಲ. ಆ ಪರದೆಯ ಹಿಂದೆ ಸ್ಟೂಲಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ನನಗೆ ಹೇಳಲಾಗದ್ದನ್ನು ಇವರು ಆಕೆಗೆ ಹೇಳಿದ್ದಾರೆ. ಇಸ್ತ್ರಿ ಮುರಿಯದ ತೋಳಿನಿಂದ ಆಕೆ ನೀರು ಬಗ್ಗಿಸಿ ಕೊಟ್ಟಿದ್ದಾಳೆ. ನಾಚಿಕೆ ಅನ್ನುವುದು ಗಂಡ ಹೆಂಡಿರ ನಡುವೆ ಇರಬೇಕಾದ ಸ್ವತ್ತು. ಅದನ್ನು ಒಯ್ದು ಬೇರೆಯವಳ ಮುಂದೆ ಬಿಚ್ಚಿಟ್ಟು ಬಂದಿದ್ದಾರಲ್ಲ ಅನ್ನುವುದೇ ಕಾಡಿತು.

ಇದರ ನಡುವೆ ನನ್ನದೇ ಒಂದು ಪಾಡು. ಎದೆತೊಟ್ಟು ಒಡೆದು ರಕ್ತ ಬರುತ್ತಿತ್ತು. ಒಂದು ಕಡೆ ಹಾಲು ಕಟ್ಟಿ ಕಲ್ಲಿನ ಹಾಗಾಗಿತ್ತು. ಮಗಳು ಬಾಯಿ ಹಾಕಿದರೆ ನನಗೆ ಕಣ್ಣು ಕತ್ತಲೆ. ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಒಬ್ಬ ನರ್ಸಮ್ಮ ಹಾಲೂಡುವ ತಾಯಂದಿರಿಗೆ ಅಂತ ವಿಡಿಯೊ ಮಾಡಿ ಹಾಕುತ್ತಿದ್ದರು. ಮಗುವನ್ನು ಹೇಗೆ ಹಿಡಿಯಬೇಕು, ಕಟ್ಟಿದ ಹಾಲನ್ನು ಹೇಗೆ ಒತ್ತಿ ತೆಗೆಯಬೇಕು, ಎಲ್ಲ ನಿಜವಾದ ತಾಯಂದಿರನ್ನು ಕೂರಿಸಿಕೊಂಡು ತೋರಿಸುತ್ತಿದ್ದರು. ಮೊದಲ ತಿಂಗಳಲ್ಲಿ ನನ್ನ ಕೈ ಹಿಡಿದದ್ದು ಅವರೇ. ಈಗ ಹುಡುಕಿ ತೆರೆದರೆ ಕೆಂಪು ಗೆರೆ. ಈ ಪುಟ ವಯಸ್ಕರಿಗೆ ಮಾತ್ರ, ತಡೆಯಲಾಗಿದೆ. ಎದೆ ಅನ್ನುವ ಮಾತು ಕಂಡರೆ ಸಾಕು, ಯಾರ ಎದೆ, ಯಾತಕ್ಕೆ ತೆರೆದ ಎದೆ ಅಂತ ಬೀಗಕ್ಕೆ ಗೊತ್ತಾಗುವುದಿಲ್ಲ. ನನ್ನ ಮೊಬೈಲಿನ ಕಾರ್ಡೂ ಅದೇ ಕಂಪನಿಯದು, ಅಲ್ಲೂ ಅದೇ ಕೆಂಪು ಗೆರೆ.

ತೆಗೆಸಬೇಕಾದರೆ ಆಕೆಯ ಹತ್ತಿರವೇ ಹೋಗಬೇಕು. ಸತ್ತರೂ ಹೋಗುವುದಿಲ್ಲ ಅಂತ ಬಿಸಿಬಟ್ಟೆ ಒತ್ತಿಕೊಂಡು ಹಲ್ಲು ಕಚ್ಚಿ ಎರಡು ದಿನ ತಳ್ಳಿದೆ. ಮೂರನೆಯ ದಿನ ಬೆಳಿಗ್ಗೆ ಮೈ ಬಿಸಿಯಾಯಿತು, ಮಗಳು ಹಾಲು ಬರದೆ ಅತ್ತಳು. ಅವಳ ಅಳು ಕೇಳಿ ನನ್ನ ಹಠ ಮಣ್ಣುಪಾಲಾಯಿತು. ಅವಳನ್ನು ಎತ್ತಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಹೊರಟೆ. ನರ್ಸಮ್ಮನಿಗೋಸ್ಕರ ಹೊರಟವಳಿಗೆ ಬಟ್ಟೆಯ ಯೋಚನೆ ಯಾಕೆ ಬೇಕಿತ್ತು ಅಂತ ಕೇಳಬೇಡಿ. ಆಕೆಯ ಎದುರು ನೈಟಿಯಲ್ಲಿ ನಿಲ್ಲಲಾರೆ, ಅಷ್ಟೇ.

ಟೈಲರಕ್ಕನ ಮಿಷನ್ನು ನಾನು ಮೆಟ್ಟಿಲು ಹತ್ತುವಾಗ ನಿಂತದ್ದು ಕೇಳಿಸಿತು.

ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತೆ. ಮೊಣಕಾಲಿಗೆ ಮೊಣಕಾಲು ತಾಗುವುದಿಲ್ಲ, ನಡುವೆ ಕಂಪ್ಯೂಟರ್ ಮೇಜು ಇದೆ, ಅಷ್ಟು ಸಮಾಧಾನವಾಯಿತು. ಆಕೆ ಹೂಜಿ ಬಗ್ಗಿಸಿ ಲೋಟ ತುಂಬಿಸಿ ನನ್ನ ಮುಂದಿಟ್ಟಳು. ಹತ್ತಿರದಿಂದ ನೋಡಿದರೆ ಆಕೆಯ ಕಣ್ಣ ಕೆಳಗೂ ಕಪ್ಪಿತ್ತು. ಮಗಳು ಆಕೆಯ ಬೆರಳು ಹಿಡಿದುಕೊಂಡಳು. ಇವಳೂ ಆ ಕಡೆಯೇ ಅಂದುಕೊಂಡೆ.

ಆಕೆ ಬೀಗದ ಮಾತು ಕೇಳುವ ಮೊದಲೇ ನಾನು ಬಾಯಿ ಬಿಟ್ಟೆ. "ನಮ್ಮನೆಯವರು ಬಂದಿದ್ರಲ್ಲ, ಏನು ಕೇಳಿದ್ರು?"

ಆಕೆ ಕಂಪ್ಯೂಟರಿನಿಂದ ಕಣ್ಣು ತೆಗೆದಳು. ಸಿಟ್ಟಿಲ್ಲ, ನಗುವಿಲ್ಲ.

"ಅವರು ಏನು ಕೇಳಿದ್ರು ಅಂತ ನಿಮಗೆ ಹೇಳಿದ್ರೆ, ನೀವು ಏನು ಕೇಳಿದ್ರಿ ಅಂತ ಅವರಿಗೂ ಹೇಳಬೇಕಾಗುತ್ತಲ್ಲಮ್ಮ."

"ಅವರು ನನ್ನ ಗಂಡ."

"ಗೊತ್ತು. ನನಗೂ ಒಬ್ಬರಿದ್ರು." ಆಕೆ ಮಗಳ ಕೈಯಿಂದ ಬೆರಳು ಬಿಡಿಸಿಕೊಳ್ಳಲಿಲ್ಲ. ಔಷಧಿ ಅಂಗಡಿಯಿಂದ ಮನೆಗೆ ಹೋದರೆ ಗಂಡ ದಿನಾ ಕೇಳುತ್ತಿದ್ದರಂತೆ. ಒಂದು ದಿನ ಬೇಸತ್ತು ಒಬ್ಬರ ವಿಷಯ ಹೇಳಿಬಿಟ್ಟಳಂತೆ, ಇಷ್ಟು ಹೇಳಿದರೆ ಸುಮ್ಮನಾಗುತ್ತಾರೆ ಅಂತ. "ಮಾರನೇ ದಿನ ಇಬ್ಬರ ವಿಷಯ ಕೇಳಿದ್ರು. ಆ ಹೊಟ್ಟೆಗೆ ಎಷ್ಟು ಹಾಕಿದ್ರೂ ತುಂಬಲ್ಲ ನೋಡಿ."

ನನ್ನ ಹೊಟ್ಟೆಯ ವಿಷಯವೇ ಹೇಳುತ್ತಿದ್ದಾಳೆ ಅನ್ನಿಸಿ ಮುಖ ಬಿಸಿಯಾಯಿತು. ಎದ್ದುಬಿಡೋಣ ಅಂದುಕೊಂಡೆ. ನೀರು ಮುಗಿದಿರಲಿಲ್ಲ.

ಆಮೇಲೆ ಆಕೆ ಎಲ್ಲರಿಗೂ ಕೇಳುವುದನ್ನೇ ಕೇಳಿದಳು. "ಬೀಗ ಇರಲೋ, ತೆಗೆಯಲೋ?"

"ಮನೆಯ ಯಜಮಾನರನ್ನ ಕೇಳಿಕೊಂಡು ಬರಬೇಕಾ?"

"ಯಜಮಾನರು ನೀವೇ. ಕನೆಕ್ಷನ್ ನಿಮ್ಮ ಹೆಸರಲ್ಲಿದೆ. ನಿಮ್ಮನ್ನ ಬಿಟ್ಟು ಬೇರೆ ಯಾರು ಬಂದು ಕೇಳಿದ್ರೂ ನಾನು ಒಂದು ಬಟನ್ ಒತ್ತೋ ಹಾಗಿಲ್ಲ."

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಲೈನ್‌ಮ್ಯಾನ್ ವೈರು ಎಳೆಯಲು ಬಂದ ದಿನ ನಮ್ಮವರು ಎಲ್ಲೋ ಲಿಫ್ಟ್ ಗುಂಡಿಯೊಳಗೆ ಇಳಿದಿದ್ದರು, ಫೋನು ಸಿಗಲಿಲ್ಲ. ತುಂಬಿದ ಬಸುರಿ ನಾನು ನಿಂತುಕೊಂಡೇ ನನ್ನ ಗುರುತಿನ ಚೀಟಿ ಕೊಟ್ಟು ಕಳಿಸಿದ್ದೆ. ಆಮೇಲೆ ಇಬ್ಬರೂ ಮರೆತೇಬಿಟ್ಟಿದ್ದೆವು.

ಹಾಗಾದರೆ ನಮ್ಮವರು ಬಂದಿದ್ದಾರೆ, ಕೇಳಿದ್ದಾರೆ, ಆಗಲ್ಲ ಅನ್ನಿಸಿಕೊಂಡು ನೀರು ಕುಡಿದು ಹೋಗಿದ್ದಾರೆ. ಬೀಗ ಇರಲಿ ಅನ್ನಲು ಯಾರೂ ಮೇಲಿಂದ ಮೇಲೆ ಬರುವುದಿಲ್ಲ. ಪೊಟ್ಟಣದಕ್ಕ ಒಂದು ಮಾತೂ ಬಿಟ್ಟುಕೊಟ್ಟಿರಲಿಲ್ಲ, ಎಲ್ಲರಿಗೂ ಹೇಳುವ ನಿಯಮವನ್ನೇ ಹೇಳಿದ್ದಳು. ಆದರೂ ಎಲ್ಲ ತಿಳಿದುಹೋಯಿತು. ಇಷ್ಟು ದಿನ ಬೇಕು ಬೇಕು ಅಂತ ಹಂಬಲಿಸಿದ್ದು ಕೈಗೆ ಬಂದ ಮೇಲೆ ಏನು ಮಾಡಬೇಕು ಗೊತ್ತಾಗಲಿಲ್ಲ. ಆ ವಿಡಿಯೊಗಳಲ್ಲಿ ಕುಣಿಯುವ, ಹೆರದ, ಹಾಲು ಸೋರದ, ಮುಖ ಗೊತ್ತಿಲ್ಲದ ಹೆಂಗಸರ ಮೇಲೆಲ್ಲ ಒಟ್ಟಿಗೆ ಹೊಟ್ಟೆಕಿಚ್ಚು ಬಂತು. ಹಿಂದೆಯೇ, ಸೋಫಾದ ಮೇಲೆ ಮಡಚಿಟ್ಟ ಆ ಉದ್ದ ಕಾಲುಗಳೂ ಕಣ್ಣ ಮುಂದೆ ಬಂದವು.

ನಾನು ನೀರು ಕುಡಿದೆ. ಏನು ಹೇಳಲಿ, ಸುಳ್ಳು ಹೇಳಬಾರದು, ಅಂಥ ನೀರು ನಾನು ಕುಡಿದೇ ಇರಲಿಲ್ಲ. ಮಣ್ಣಿನ ವಾಸನೆ, ಗಂಟಲಿನಿಂದ ಹೊಟ್ಟೆಯವರೆಗೆ ತಣ್ಣನೆಯ ಗೆರೆ.

"ತೆಗೆಯಿರಿ" ಅಂದೆ. ಯಾಕೆ ಅಂತಲೂ ಹೇಳಲು ಹೊರಟೆ, ಎದೆ, ಹಾಲು, ನರ್ಸಮ್ಮ ಅಂತ. ಆಕೆ ಕೈ ಎತ್ತಿ ತಡೆದಳು.

"ಯಾಕೆ ಅಂತ ನಾನು ಯಾರನ್ನೂ ಕೇಳಲ್ಲಮ್ಮ. ನೀರು ಮುಗಿಸಿ."

ಹೊರಗೆ ಬಂದಾಗ ಟೈಲರಕ್ಕ ಬಾಗಿಲಲ್ಲೇ ನಿಂತಿದ್ದಳು. ಏನಾಯ್ತೇ ಅಂದಳು. ಬಿಸಿಲು ಜಾಸ್ತಿ, ನೀರು ಕುಡಿದು ಬಂದೆ, ಅಂದೆ. ಅವಳ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಎಷ್ಟು ಹಿತವಾಯಿತೆಂದರೆ, ಪೊಟ್ಟಣದಕ್ಕನಿಗೆ ದಿನವೂ ಈ ಹಿತ ಸಿಗುತ್ತದಲ್ಲ ಅಂತ ಮತ್ತೆ ಸ್ವಲ್ಪ ಉರಿಯಿತು.

ಮನೆಗೆ ಬಂದು ಮೊದಲು ನರ್ಸಮ್ಮನ ವಿಡಿಯೊ ಹಾಕಿಕೊಂಡು ಕೂತೆ. ಬಿಸಿನೀರಿನ ಬಟ್ಟೆ, ಆಮೇಲೆ ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುವುದು. ನೋವಿಗೆ ಕಣ್ಣೀರು ಸುರಿದರೂ ಗಂಟು ಸಡಿಲವಾಗತೊಡಗಿತು. ಆದರೆ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಮಗು, ಒತ್ತಲು ಮೂರನೆಯ ಕೈ ಎಲ್ಲಿಂದ ತರುವುದು?

ಮಧ್ಯಾಹ್ನ ಊಟಕ್ಕೆ ನಮ್ಮವರು ಬಂದರು. ಗ್ರೀಸಿನ ಕೈ ತೊಳೆಯುತ್ತಿದ್ದಾಗ ಹಿಂದಿನಿಂದಲೇ ಹೇಳಿದೆ, "ಇಂಟರ್‌ನೆಟ್ ಆಫೀಸಿಗೆ ಹೋಗಿದ್ದೆ. ಬೀಗ ತೆಗೆಸಿ ಬಂದೆ."

ಸೋಪು ಕೈಯಿಂದ ಜಾರಿ ಬಚ್ಚಲಿನಲ್ಲಿ ಬಿತ್ತು.

"ಯಾಕೆ?"

"ನನಗೆ ಬೇಕಿತ್ತು."

ಅವರ ಮುಖದಲ್ಲಿ ನಾನು ಒಂದಾದ ಮೇಲೊಂದು ಬಣ್ಣ ನೋಡಿದೆ. ಮೊದಲು ಸಿಕ್ಕಿಬಿದ್ದ ಮುಖ. ಆಮೇಲೆ ಗೊಂದಲ. ಆಮೇಲೆ ನನಗೆ ಚೆನ್ನಾಗಿ ಪರಿಚಯವಿದ್ದ, ಇಷ್ಟು ದಿನ ಕನ್ನಡಿಯಲ್ಲಿ ನೋಡಿ ನೋಡಿ ಸಾಕಾಗಿದ್ದ ಮುಖ. ಗಂಡಸಿನ ಮುಖಕ್ಕೂ ಅದು ಹೊಂದುತ್ತದೆ ಅಂತ ಆವತ್ತು ತಿಳಿಯಿತು.

"ನಿನಗೆ ಏನಕ್ಕೆ ಬೇಕಿತ್ತು? ಏನು ನೋಡ್ತೀಯ?"

ತಟ್ಟೆ ಹಾಕಿದೆ. ಅವರು ಉಣ್ಣಲಿಲ್ಲ, ಅನ್ನ ಕಲಸುತ್ತ ಕೂತರು. ನನ್ನ ಫೋನಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಇನ್ನೂ ಸ್ವಲ್ಪ ಹೊತ್ತು ಹೀಗೇ ಬೇಯಿಸಬೇಕು ಅಂತ ಆಸೆಯಿತ್ತು. ಸೋಫಾದ ಕಾಲುಗಳು ನೆನಪಾದವು. ಎದೆಯೂ ನೋಯುತ್ತಿತ್ತು, ಮೂರನೆಯ ಕೈ ಬೇಕಿತ್ತು.

ಅಷ್ಟರಲ್ಲಿ ಅವರೇ ತಟ್ಟೆ ನೋಡಿಕೊಂಡು ಹೇಳಿದರು. "ನಾನೂ ಹೋಗಿ ಕೇಳಿದ್ದೆ. ನಿನ್ನ ಹೆಸರಲ್ಲಿದೆ ಅಂದ್ರು. ಹೆಸರು ಬದಲಾಯಿಸಬಹುದಾ ಅಂತ ಮತ್ತೆ ಎರಡು ಸಲ ಹೋದೆ. ಅದಕ್ಕೂ ನೀನೇ ಬರಬೇಕಂತೆ. ನಿನಗೆ ಹೇಳಿಬಿಡೋಣ ಅಂತ ದಿನಾ ಅಂದ್ಕೊಂಡೆ. ಪಾತ್ರೆ ತೊಳೆದು ಮುಗೀತು, ಮಾತು ಬರಲಿಲ್ಲ."

"ಗೊತ್ತು."

"ಆಕೆ ಹೇಳಿದ್ಲಾ?"

"ಇಲ್ಲ. ಅವಳ ಬಾಯಿಂದ ನೀರು ಕುಡಿಯಿರಿ ಅನ್ನೋದು ಬಿಟ್ಟು ಏನೂ ಬರಲ್ಲ."

ಅವರು ತಲೆ ಎತ್ತಿದರು. ಕಣ್ಣು ತುಂಬಿತ್ತೋ, ಖಾರ ನೆತ್ತಿಗೇರಿತ್ತೋ. "ನೀನು ಒಳಗೆ ಮಗಳ ಜೊತೆ ಬಾಗಿಲು ಹಾಕ್ಕೋತೀಯ. ಮಗು ಮೇಲೆ ಹೊಟ್ಟೆಕಿಚ್ಚು ಪಡ್ತೀನಿ ಅಂತ ಹೇಗೆ ಹೇಳಲಿ?"

ನಾನು ಎದ್ದು ಹೋಗಿ ಫೋನು ತಂದು ಅವರ ತಟ್ಟೆಯ ಪಕ್ಕ ಇಟ್ಟೆ. ನರ್ಸಮ್ಮ ಒಬ್ಬ ತಾಯಿಯ ಬೆನ್ನಿಗೆ ದಿಂಬು ಕೊಡುತ್ತಿದ್ದರು. ನಮ್ಮವರು ನೋಡಿದರು. ಎಡಗೈಯಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ನಾನು ಬಟ್ಟೆ ಸರಿಸಿ ತೋರಿಸಿದೆ, ಒಡೆದದ್ದು, ಕಟ್ಟಿದ್ದು, ಎಲ್ಲ. ಆ ಮೈಯನ್ನು ಅವರಿಗೆ ತೋರಿಸಿ ಎಷ್ಟು ದಿನವಾಗಿತ್ತೋ.

ಕೈ ತೊಳೆದು ಬಂದು ಪಕ್ಕದಲ್ಲಿ ಕೂತರು. ಕೆಟ್ಟ ಲಿಫ್ಟಿನ ಪೆಟ್ಟಿಗೆ ತೆರೆದಾಗ ಹುಬ್ಬು ಗಂಟಿಕ್ಕುತ್ತಾರಲ್ಲ, ಹಾಗೆ ಹುಬ್ಬು ಗಂಟಿಕ್ಕಿ ವಿಡಿಯೊವನ್ನು ಎರಡು ಸಲ ನೋಡಿದರು. ಆಮೇಲೆ ಬಟ್ಟೆ ಬಿಸಿ ಮಾಡಿ ತಂದರು. ನೋವಾದರೆ ಹೇಳು ಅಂದರು. ನೋವಾಯಿತು, ಹೇಳಲಿಲ್ಲ. ಮಗಳು ಸಂಜೆಗೆ ಗಂಟಲು ಸದ್ದು ಮಾಡುತ್ತ ಕುಡಿದಳು. ಸೋಫಾದ ದಿಂಬು ಒಳಕೋಣೆಗೆ ಬಂತು, ಮಲಗಲು ಜಾಗ ಸಾಲದೆ ಈಗ ಮೂವರೂ ಕಾಲು ಮಡಚುತ್ತೇವೆ.

ಬೀಗ ತೆರೆದೇ ಇದೆ. ಇವರು ಬೇರೆ ಏನಾದರೂ ನೋಡುತ್ತಾರೋ ನಾನು ಕೇಳಿಲ್ಲ. ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಾಗಲೆಲ್ಲ ತುಂಬದ ಆ ಹೊಟ್ಟೆಯ ಮಾತು ನೆನಪಾಗಿ ನುಂಗಿಕೊಳ್ಳುತ್ತೇನೆ. ಸರ್ಕಾರದವರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಪೊಟ್ಟಣದಕ್ಕ ಪರದೆ ಒಗೆದು ಮತ್ತೆ ಕಟ್ಟಿದ್ದಾಳೆ.

ಆವತ್ತು ಊಟ ಮುಗಿಸಿ ಅವರು ಕೆಲಸಕ್ಕೆ ಹೊರಟಾಗ ನಾನು ಒಂದು ಲೋಟ ನೀರು ತುಂಬಿಸಿ ಕೊಟ್ಟೆ. ಬಾಗಿಲಲ್ಲೇ ನಿಂತು, ಲೋಟ ಬಾಯಿಂದ ತೆಗೆಯದೆ ಪೂರ್ತಿ ಕುಡಿದರು.

"ನಮ್ಮನೆ ನೀರು ಹೇಗಿದೆ?" ಅಂದೆ.

"ಅಲ್ಲಿಗಿಂತ ಚೆನ್ನಾಗಿದೆ."

"ಸುಳ್ಳು" ಅಂದೆ. "ನಾನೂ ಕುಡಿದು ಬಂದಿದ್ದೀನಿ."